ವಿಭೂತಿ ಹಚ್ಚಿದ ಫ್ಲಾಪಿ

ಆಳಂದದ ನಮ್ಮ ಕಂಪ್ಯೂಟರ್ ಕ್ಲಾಸಿನ ಅಸಲಿ ಫ್ಲಾಪಿಯನ್ನು ಕೆಡಿಸಿದವಳು ನಾನು. ಅದರ ಚೀಟಿ ಕಿತ್ತು ನಕಲಿಗೆ ಅಂಟಿಸಿದವಳೂ ನಾನೇ. ಕಳ್ಳ ಎನ್ನಿಸಿಕೊಂಡು ಹೋದವರು ದಸ್ತಗೀರ ಮಾಸ್ತರರು. ಅವರು ಹೋಗುವಾಗ ನಾನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ — ಬಾಯಿ ಬಿಡಲಿಲ್ಲ.

ಇದನ್ನು ಎಲ್ಲಕ್ಕಿಂತ ಮೊದಲು ಬರೆದುಬಿಟ್ಟೆ. ಯಾಕೆಂದರೆ ಈಗ ನನ್ನ ಮನಸ್ಸು ಒಂದು ಕಡೆ ನಿಲ್ಲುವ ಸ್ಥಿತಿಯಲ್ಲಿಲ್ಲ. ಮನೆಯಲ್ಲಿ ಅವಳಿ ಮೊಮ್ಮಕ್ಕಳಿದ್ದಾರೆ! ಮದುವೆಯಾಗಿ ಎಷ್ಟೋ ವರ್ಷ ಮಕ್ಕಳಾಗದೆ ಕಂಡಕಂಡವರ ಬಾಯಿಗೆ ಬಿದ್ದಿದ್ದ ನನ್ನ ಮಗಳು ಸುವರ್ಣಾ, ಒಂದೇ ಸಲಕ್ಕೆ ಇಬ್ಬರು ಹೆಣ್ಣುಮಕ್ಕಳನ್ನು ಹೆತ್ತು ಅವರೆಲ್ಲರ ಬಾಯಿಗೆ ಸಕ್ಕರೆ ಹಾಕಿದ್ದಾಳೆ. ಒಬ್ಬಳು ಸೀನಿದರೆ ಇನ್ನೊಬ್ಬಳೂ ಸೀನುತ್ತಾಳೆ. ಒಬ್ಬಳು ಅತ್ತರೆ ಇನ್ನೊಬ್ಬಳು ಅಳಬೇಕೋ ಬೇಡವೋ ಎಂದು ಸ್ವಲ್ಪ ವಿಚಾರ ಮಾಡಿ, ಆಮೇಲೆ ಅವಳಿಗಿಂತ ಜೋರಾಗಿ ಅಳುತ್ತಾಳೆ. ಬಚ್ಚಲಲ್ಲಿ ಕಾಲು ಚಾಚಿ ಕೂತು ಒಂದಾದ ಮೇಲೊಂದು ಕೂಸಿಗೆ ಎಣ್ಣೆ ತಿಕ್ಕಿ ನೀರು ಹಾಕುವಾಗ — ಅದು ಎಂಥ ಸುಖ ಎಂದು ಬರೆಯಲು ನನಗೆ ಬರುವುದಿಲ್ಲ. ನಾನು ನಾಲ್ಕನೇ ಇಯತ್ತೆಗೆ ಸಾಲೆ ಬಿಟ್ಟವಳು.

ಈ ಸುಖವೇ ನನ್ನ ಬಾಯಿ ಬಿಡಿಸಿತು ಎಂದರೆ ನಂಬಿರಿ. ದುಃಖದಲ್ಲಿ ಇದ್ದಷ್ಟು ದಿನ ಮುಚ್ಚಿಟ್ಟದ್ದು ಮುಚ್ಚಿಕೊಂಡೇ ಇತ್ತು. ಈಗ ಎದೆ ತುಂಬಿ ಹೊರಗೆ ಚೆಲ್ಲುತ್ತಿದೆ. ಚೆಲ್ಲುವಾಗ ತಳದಲ್ಲಿ ಕೂತದ್ದೂ ಮೇಲೆ ಬಂತು.

ಇನ್ನೊಂದು ಮಾತನ್ನೂ ಈಗಲೇ ಹೇಳಿಬಿಡುತ್ತೇನೆ. ಇದನ್ನು ಓದುವವರಲ್ಲಿ ಕಾನೂನು ಬಲ್ಲವರು ಇರಬಹುದು. ಫ್ಲಾಪಿ ನಕಲು ಮಾಡಿಸಿದ್ದಕ್ಕೆ ನಾನು ತಲೆ ತಗ್ಗಿಸುವವಳಲ್ಲ. ಆಗಲೂ ತಗ್ಗಿಸಲಿಲ್ಲ, ಈಗಲೂ ಇಲ್ಲ. ಕಳ್ಳಿ ಎನ್ನುವವರು ಎನ್ನಿರಿ, ಬಾಗಿಲಿಗೆ ಬಂದು ಎನ್ನಿರಿ, ಚಹಾ ಕುಡಿಸಿ ಕಳಿಸುತ್ತೇನೆ. ನಾನು ತಲೆ ತಗ್ಗಿಸಬೇಕಾದ ಜಾಗ ಬೇರೆ ಇದೆ. ಎರಡನ್ನೂ ಕಲಸಬೇಡಿರಿ. ಇಷ್ಟು ವರ್ಷ ನಾನೇ ಎರಡನ್ನೂ ಕಲಸಿಕೊಂಡು ಸುಮ್ಮನೆ ಕೂತಿದ್ದೆ.

ನಮ್ಮ ಯಜಮಾನರು ಆಳಂದದ ಬಸ್ ನಿಲ್ದಾಣದ ಹಿಂದೆ, ನಮ್ಮ ಮನೆಯ ಹೊರಪಡಸಾಲೆಯಲ್ಲಿ ಟೈಪಿಂಗ್ ಕ್ಲಾಸು ನಡೆಸುತ್ತಿದ್ದರು. ದಸ್ತಗೀರ ಮಾಸ್ತರರು ಅವರ ಕೈಯಲ್ಲಿ ಕಲಿತು, ಅಲ್ಲೇ ಕಲಿಸಲು ನಿಂತವರು. ಊರು ಮಟಕಿ, ಒಕ್ಕಲುತನದ ಮನೆ. ದಿನಾ ಸೈಕಲ್ ತುಳಿದುಕೊಂಡು ಬರುತ್ತಿದ್ದರು. ಯಜಮಾನರು ತೀರಿಕೊಂಡ ಮೇಲೆ ಭಾವ-ಮೈದುನರೆಲ್ಲ ಕೂತು ಕ್ಲಾಸು ಮುಚ್ಚಬೇಕೆಂದು ಠರಾವು ಮಾಡಿದರು. ನಾನು ಒಳಗಿನಿಂದ ಎಲ್ಲ ಕೇಳಿಸಿಕೊಂಡೆ, ಮರುದಿನ ಬೆಳಿಗ್ಗೆ ಎಂದಿನಂತೆ ಬಾಗಿಲು ತೆಗೆದು ಕಸ ಹೊಡೆದೆ. ಮಾಸ್ತರರೂ ಎಂದಿನಂತೆ ಬಂದರು. ಯಜಮಾನರ ಕುರ್ಚಿಯ ಪಕ್ಕಕ್ಕೆ ಒಂದು ಸ್ಟೂಲು ಎಳೆದುಕೊಂಡು ಕೂತರು.

"ಕುರ್ಚಿ ಮ್ಯಾಲ ಕೂಡಪಾ ತಮ್ಮಾ. ಇನ್ನ ನೀನೇ ಮಾಸ್ತರ" ಎಂದೆ.

"ಅದು ನಮ್ಮ ಸರ್ ಅವ್ರ ಕುರ್ಚಿ ಅದರಿ ಕಾಕೂ. ನಂಗ ಸ್ಟೂಲೇ ಚೊಲೊ" ಎಂದರು.

ಕಡೆಯ ದಿನದವರೆಗೂ ಅವರು ಆ ಸ್ಟೂಲಿನ ಮೇಲೆಯೇ ಕೂತರು. ಅಂಥ ಮನುಷ್ಯ.

ತೊಂಬತ್ತರ ದಶಕ ಶುರುವಾಗುವ ಹೊತ್ತಿಗೆ ಟೈಪಿಂಗ್ ಕಲಿಯುವವರು ಕಡಿಮೆಯಾದರು. ಎಲ್ಲರ ಬಾಯಲ್ಲೂ ಕಂಪ್ಯೂಟರ್. ಮಾಸ್ತರರು ಗುಲ್ಬರ್ಗಾಕ್ಕೆ ಹೋಗಿ ಬಂದು ಕಲಿತುಕೊಂಡರು, ನಾನು ನನ್ನ ಬಂಗಾರದ ಪಾಟ್ಲಿ ಬಳೆ ಮಾರಿದೆ, ಅಲ್ಲಿನ ಒಂದು ದುಕಾನದಿಂದ ಒಂದು ಕಂಪ್ಯೂಟರ್ ಬಂತು. ಆರತಿ ಎತ್ತಿ ಒಳಗೆ ಕರೆದುಕೊಂಡೆವು.

ಆಗಿನ ಕಂಪ್ಯೂಟರ್ ಗುಂಡಿ ಒತ್ತಿದರೆ ತಾನಾಗಿ ಏಳುತ್ತಿರಲಿಲ್ಲ. ನಮ್ಮದರ ಹೊಟ್ಟೆಯಲ್ಲಿ ಏನೂ ಇರಲಿಲ್ಲ. ದಿನಾ ಬೆಳಿಗ್ಗೆ ಅದಕ್ಕೆ ಒಂದು ಫ್ಲಾಪಿ ಉಣಿಸಬೇಕು. ಅಂಗೈಗಿಂತ ದೊಡ್ಡದು, ತೆಳ್ಳಗೆ. ಕಪ್ಪು ಕವಚದೊಳಗೆ ಕಂದು ಬಣ್ಣದ ಒಂದು ಚಕ್ರ, ಆ ಚಕ್ರ ಕಾಣುವಂತೆ ಕವಚದಲ್ಲಿ ಒಂದು ಉದ್ದನೆಯ ಕಿಂಡಿ. ಯಂತ್ರದ ಬುದ್ಧಿಯೆಲ್ಲ ಅದರೊಳಗೇ. ಅದಕ್ಕೆ ಆಪರೇಟಿಂಗ್ ಸಿಸ್ಟಮ್ ಅನ್ನುತ್ತಾರೆ ಎಂದು ಮಾಸ್ತರರು ನನಗೆ ಕಲಿಸಿದ್ದರು. ಈ ಮಾತನ್ನು ನಾನು ಸಂತೆಯಲ್ಲಿ ಕಾಯಿಪಲ್ಯ ಮಾರುವವಳ ಮುಂದೆಯೂ ಆಡಿ ತೋರಿಸಿದ್ದೆ.

ಆ ಫ್ಲಾಪಿಗೆ ಬೆಳ್ಳಿಯಂತೆ ಹೊಳೆಯುವ ಕಂಪನಿಯ ಚೀಟಿ ಇತ್ತು. ಅದಕ್ಕಿಂತ ದೊಡ್ಡ ಗುಟ್ಟು ಒಳಗಿನ ಚಕ್ರದಲ್ಲಿತ್ತು — ಸೂಜಿಮೊನೆಯಷ್ಟು ಒಂದು ತೂತು. ಕಂಪನಿಯವರು ಬೇಕೆಂದೇ ಮಾಡಿದ್ದು. ಯಂತ್ರ ಏಳುವ ಮೊದಲು ಆ ತೂತು ಇದೆಯೇ ಎಂದು ತಡಕಿ ನೋಡುತ್ತಿತ್ತು. ಇದ್ದರೆ ಏಳುತ್ತದೆ, ಇಲ್ಲದಿದ್ದರೆ ಇಲ್ಲ. ನಕಲು ಮಾಡಿದರೆ ಒಳಗಿನದೆಲ್ಲ ಬರುತ್ತದೆ, ತೂತು ಬರುವುದಿಲ್ಲ. ಹೊಸ ಸಾಮಾನಿಗೆ ತೂತು ಮಾಡಿ, ಆ ತೂತಿಗೇ ಬೆಲೆ ಇಟ್ಟು ಮಾರುವವರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಇನ್ನೊಂದು ಫ್ಲಾಪಿ ಬೇಕೆಂದರೆ ಒಂದು ಹಾಲು ಕೊಡುವ ಎಮ್ಮೆಯ ಬೆಲೆ.

ಅದೇ ವರ್ಷ ನನ್ನ ಸುವರ್ಣಾಳ ಮದುವೆಯಾಯಿತು. ಜೇವರ್ಗಿಗೆ ಕೊಟ್ಟೆವು. ಅವಳೂ ಮಾಸ್ತರರ ಕೈಯಲ್ಲೇ ಕಲಿತವಳು. ಗಂಡನ ಮನೆಯವರು ಕೆಟ್ಟವರಲ್ಲ. ಆದರೆ ಬೆಳಿಗ್ಗೆಯಿಂದ ರಾತ್ರಿಯವರೆಗೆ ರೊಟ್ಟಿ ಬಡಿಯುವುದು ಬಿಟ್ಟು ಹೆಣ್ಣಿಗೆ ಬೇರೆ ಕೆಲಸ ಇರಬಹುದು ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ನನ್ನ ಅಳಿಯ ಒಳ್ಳೆಯವನು. ಸೊಲ್ಲಾಪುರದಿಂದ ಒಂದು ಹಳೆಯ ಕಂಪ್ಯೂಟರ್ ತಂದು ಮುಂದಿನ ಕೋಣೆಯಲ್ಲಿ ಇಟ್ಟ. ನಡೆದರೆ ಕ್ಲಾಸು, ಇಲ್ಲದಿದ್ದರೆ ಮಾರಿಬಿಡೋಣ ಎಂದು ತಂದೆಗೆ ಹೇಳಿದ್ದನಂತೆ. ಕಂಪ್ಯೂಟರ್ ಬಂತು, ಅದನ್ನು ಎಬ್ಬಿಸುವ ಫ್ಲಾಪಿ ಬರಲಿಲ್ಲ. ಅಫಜಲಪುರದಲ್ಲಿ ನನ್ನ ತಮ್ಮ ಶಿವರಾಯನ ಕತೆಯೂ ಅದೇ. ಅವನೂ ಸೊಲ್ಲಾಪುರದ ಹಳೆಯ ಯಂತ್ರ ತಂದು, ಅದರ ಮೇಲೆ ಅರಿವೆ ಹೊದಿಸಿ ಕೂತಿದ್ದ.

ಮೊದಲು ನಾನು ಮಾಸ್ತರರನ್ನೇ ಕೇಳಿದೆ. ಕದ್ದು ಮಾಡಲಿಲ್ಲ, ಮೊದಲು ಕೇಳಿದೆ.

"ತಮ್ಮಾ, ನಮ್ಮ ಫ್ಲಾಪಿದೊಂದು ನಕಲು ಸುವರ್ಣಾಗ ಮಾಡಿಕೊಡಪಾ."

"ಅದು ಆಗಂಗಿಲ್ರಿ ಕಾಕೂ. ತೂತು ಅದ."

"ತೂತು ಇರದಿದ್ರ ಮಾಡಿಕೊಡ್ತಿದ್ದೇನು?"

ಅವರು "ಇಲ್ರಿ. ಅದು ಚೋರಿ ಆಗ್ತದ" ಎಂದರು.

"ಯಾವ ಚೋರಿ? ನಾ ಓಣ್ಯಾಗ ಯಾರರ ಬಂದು ಹೆಪ್ಪು ಕೇಳಿದ್ರ ಇಲ್ಲ ಅಂದೇನಿ ಏನು? ಒಂದು ಚಮಚಾ ಹೆಪ್ಪು ಕೊಟ್ರ ನಮ್ಮ ಮೊಸರೇನು ಕಡಿಮಿ ಆಗ್ತದ? ಅವರ ಮನ್ಯಾಗೂ ಮೊಸರು, ನಮ್ಮ ಮನ್ಯಾಗೂ ಮೊಸರು."

ಮಾಸ್ತರರು ನಕ್ಕರು. ಆಮೇಲೆ ಒಂದು ಮಾತು ಹೇಳಿದರು. "ಹೆಪ್ಪು ಕೊಡೋರು ತಮ್ಮ ಎಮ್ಮಿ ಹಾಲಿಂದು ಕೊಡ್ತಾರ ಕಾಕೂ. ಇದರ ಎಮ್ಮಿ ನಮ್ದಲ್ಲ."

ನಾನು ಎದ್ದು ಒಳಗೆ ಹೋದೆ. ಉತ್ತರ ಈಗ ಕೊಡುತ್ತೇನೆ. ಎಮ್ಮೆ ಯಾರದಾದರೂ ಇರಲಿ ಮಾಸ್ತರರೇ, ಅದು ದೂರದ ಯಾವುದೋ ದೇಶದಲ್ಲಿ ಹೊಟ್ಟೆ ತುಂಬ ಮೇಯ್ದು ಮಲಗಿತ್ತು. ಜೇವರ್ಗಿಯ ಒಂದು ಕೋಣೆಯಲ್ಲಿ ನನ್ನ ಮಗಳು ಕುರ್ಚಿಯ ಮೇಲೆ ಕೂತರೆ ಅದರ ಹಾಲು ಬತ್ತುತ್ತಿರಲಿಲ್ಲ. ಸುವರ್ಣಾಳ ಕೈಯಲ್ಲಿ ಎಷ್ಟು ಹುಡುಗಿಯರು ಕಲಿತರು! ಬಳೆಗಾರನ ಮಗಳು, ಹಮಾಲರ ಮಗಳು, ಗಂಡ ಬಿಟ್ಟು ತವರಿಗೆ ಬಂದು ಕೂತವಳು. ಅವರಲ್ಲಿ ಒಬ್ಬಳೂ ಆ ಎಮ್ಮೆಯ ಬೆಲೆ ಕೊಟ್ಟು ಕಲಿಯುವವಳಲ್ಲ. ಇದಕ್ಕೆ ಕಳವು ಎಂದು ಹೆಸರಾದರೆ, ನಾನು ಕದ್ದೆ. ಮತ್ತೆ ಅಂಥ ದಿನ ಬಂದರೆ ಮತ್ತೆ ಕದಿಯುತ್ತೇನೆ. ಇಷ್ಟು ಸಾಕೇ?

ಸಾಕಲ್ಲ. ಮುಂದೆ ಬರೆಯಬೇಕು.

ಶಿವರಾಯ ಸೊಲ್ಲಾಪುರದಲ್ಲಿ ಯಾರನ್ನೋ ಹಿಡಿದು ಒಂದು ಬೇರೆ ಫ್ಲಾಪಿ ತಂದ. ಅದರಲ್ಲಿ ನಕಲು ಮಾಡಿದರೆ, ಯಂತ್ರಕ್ಕೆ ತೂತು ಹುಡುಕುವ ಚಟವೇ ಬಿಟ್ಟುಹೋಗುತ್ತಿತ್ತಂತೆ. ಒಂದು ಶುಕ್ರವಾರ ಮಾಸ್ತರರು ನಮಾಜಿಗೆ ಹೋದಾಗ ಅವನು ಬಂದ. ನಾನೇ ಕ್ಲಾಸಿನ ಕೀಲಿ ತೆಗೆದೆ. ಅವನು ಯಂತ್ರದ ಮುಂದೆ ಕೂತ, ನಾನು ಬಾಗಿಲಲ್ಲಿ ಅಕ್ಕಿ ಆರಿಸುತ್ತ ಕೂತೆ. ಯಂತ್ರ ಗರಗರ ಎನ್ನುವಾಗಲೆಲ್ಲ ನಾನು ಮೊರ ಜೋರಾಗಿ ಕೇರಿದೆ.

"ಆತಕ್ಕಾ!" ಎಂದು ಕೂಗಿದ. "ಒಂದು ನಂಗ, ಒಂದು ಸುವರ್ಣಾಗ. ಇದೊಂದು ನಿನ್ನ ಕಡೀಗಿ ಇಟ್ಕೋ, ಅಡಚಣಿಗಿ ಬೇಕಾಗ್ತದ."

"ಅಸಲಿ ಇದ್ದಾಗ ನಂಗ್ಯಾಕೋ ನಕಲಿ?"

"ಇಟ್ಕೋ ಬೇ, ರೊಟ್ಟಿ ಕೇಳ್ತದೇನು?"

ಜೇವರ್ಗಿಗೆ ನಾನೇ ಒಯ್ದೆ. ಖಡಕ್ ರೊಟ್ಟಿಯ ನಡುವೆ ಇಟ್ಟು, ಬಿಳಿ ಅರಿವೆಯಲ್ಲಿ ಗಂಟು ಕಟ್ಟಿ, ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ಕೂತೆ. ಕಂಡಕ್ಟರ್ ಗಂಟು ಮೇಲೆ ಇಡು ಎಂದ, ಇಡಲಿಲ್ಲ. ಸುವರ್ಣಾಳ ಯಂತ್ರ ಎದ್ದು ಕಣ್ಣು ಬಿಟ್ಟಾಗ ಅವಳ ಮಾವನವರು ಬಂದು ನೋಡಿ, "ನಡೀಲಿ ಹಂಗಾರ" ಎಂದರು. ಅವತ್ತಿನ ನನ್ನ ಖುಷಿಗೆ ಈಗಿನ ಈ ಅವಳಿ ಕೂಸುಗಳ ಖುಷಿಯೇ ಸಾಟಿ, ಬೇರೆ ಇಲ್ಲ.

ದಸರೆ ಬಂತು.

ಖಂಡೇಪೂಜೆಯ ದಿನ ನಮ್ಮಲ್ಲಿ ದುಡಿಯುವ ಸಾಮಾನಿಗೆಲ್ಲ ಪೂಜೆ. ಈಳಿಗೆ, ಕತ್ತರಿ, ಟೈಪಿಂಗ್ ಯಂತ್ರಗಳು, ಯಜಮಾನರ ಚಷ್ಮಾ — ಎಲ್ಲ ಸಾಲಾಗಿ ಇಡುತ್ತೇನೆ. ಪ್ರತಿ ವರ್ಷ ಮಾಸ್ತರರೇ ಚೆಂಡುಹೂವಿನ ಮಾಲೆ ಕಟ್ಟಿಕೊಡುತ್ತಿದ್ದರು. ಆ ವರ್ಷ ಹೊಲದ ಕೆಲಸವೆಂದು ಮುಂಚಿನ ದಿನವೇ ಮಟಕಿಗೆ ಹೊರಟರು. ಹೊರಡುವಾಗ ಹೇಳಿದರು, "ಕಂಪ್ಯೂಟರಿಗಿ ಹೂವು ಅಷ್ಟ ಏರಿಸ್ರಿ ಕಾಕೂ, ನೀರು-ಗೀರು ಬ್ಯಾಡ."

ಅವರ ಮಾತು ಮೀರಲಿಲ್ಲ. ಕಂಪ್ಯೂಟರಿಗೆ ಒಂದು ಹನಿ ನೀರು ತಾಗಿಸಲಿಲ್ಲ, ಒಂದು ಹೂವು ಇಟ್ಟೆ. ಫ್ಲಾಪಿಯ ಮಾತನ್ನು ಅವರು ಹೇಳಿರಲಿಲ್ಲ. ಯಂತ್ರದ ಜೀವವೇ ಅದರಲ್ಲಿರುವಾಗ ಪೂಜೆ ಅದಕ್ಕಲ್ಲದೆ ಮತ್ತೆ ಯಾವುದಕ್ಕೆ? ಕಾಗದದ ಲಕೋಟೆಯಿಂದ ತೆಗೆದೆ, ಬಾಳೆ ಎಲೆಯ ಮೇಲಿಟ್ಟೆ. ವಿಭೂತಿಯನ್ನು ನೀರಲ್ಲಿ ಕಲಸಿ, ಮೂರು ಬೆರಳಿನಿಂದ ಮೂರು ಪಟ್ಟೆ ಎಳೆದೆ — ಕವಚದ ಮೇಲೆ ಶುರುವಾಗಿ, ಕಿಂಡಿಯ ಮೇಲೆ ಹಾದು, ಆ ಕಡೆಯವರೆಗೆ. ಬಿಲ್ವಪತ್ರೆ ಏರಿಸಿದೆ. ಕಾಯಿ ಒಡೆದು ಅದರ ನೀರು ಚಿಮುಕಿಸಿದೆ. ಪೆಟ್ಟಿಗೆಯಲ್ಲಿದ್ದ ನಕಲಿಯನ್ನು ಹೊರಗೆ ತೆಗೆಯಲೇ ಇಲ್ಲ. ನಕಲಿಗೆ ಯಾರು ಪೂಜೆ ಮಾಡುತ್ತಾರೆ?

ಅಸಲಿ ಸತ್ತಿತು. ಪೆಟ್ಟಿಗೆಯಲ್ಲಿ ಬಿದ್ದಿದ್ದ ನಕಲಿ ಬದುಕಿತು.

ಹಬ್ಬ ಮುಗಿದ ಮೇಲೆ ಬೆಳಿಗ್ಗೆ, ಮಾಸ್ತರರು ಬರುವ ಮೊದಲು, ದಿನದ ರೂಢಿಯಂತೆ ನಾನೇ ಫ್ಲಾಪಿ ಹಾಕಿ ಗುಂಡಿ ಒತ್ತಿದೆ. ಯಂತ್ರ ನರಳಿತು, ಏಳಲಿಲ್ಲ. ಹೊರಗೆ ತೆಗೆದು ಸೆರಗಿನಿಂದ ಒರೆಸಿದೆ. ಒಣಗಿದ ವಿಭೂತಿ ಆ ಚಕ್ರವನ್ನು ಮರಳಿನಂತೆ ಗೀರಿತು. ಇನ್ನೊಮ್ಮೆ ಹಾಕಿದೆ. ಇಲ್ಲ.

ಓಣಿಯ ತಿರುವಿನಲ್ಲಿ ಮಾಸ್ತರರ ಸೈಕಲ್ಲು ಕಾಣಿಸಲು ಇನ್ನೂ ಹೊತ್ತಿತ್ತು. ಅವರಿಗೆ ಹೇಳಿದ್ದರೆ ಏನಾಗುತ್ತಿತ್ತು? ಏನೂ ಆಗುತ್ತಿರಲಿಲ್ಲ. "ಅಯ್ಯೋ ಕಾಕೂ" ಎಂದು ತಲೆ ಕೆರೆದುಕೊಂಡು ಗುಲ್ಬರ್ಗಾಕ್ಕೆ ಹೋಗುತ್ತಿದ್ದರು. ನನಗೆ ನಾಚಿಕೆಯಾಯಿತು. ನಾಲ್ಕನೇ ಇಯತ್ತೆಯವಳು ಕಂಪ್ಯೂಟರ್ ಕ್ಲಾಸು ನಡೆಸುತ್ತಾಳೆ ಎಂದು ಮೆರೆದವಳು, ಫ್ಲಾಪಿಗೆ ವಿಭೂತಿ ಹಚ್ಚಿ ಕೊಂದಳು ಎಂದರೆ ಊರು ನಗದೇ ಇರುತ್ತದೆಯೇ? ಚಹಾ ಕುದಿಯುತ್ತಿತ್ತು. ಆ ಹಬೆಗೆ ಬೆಳ್ಳಿಯ ಚೀಟಿ ಹಿಡಿದೆ, ಮೆತ್ತಗೆ ಬಿಟ್ಟುಕೊಂಡು ಬಂತು. ನಕಲಿಗೆ ಅಂಟಿಸಿದೆ. ಪೂಜೆಯಾದ ವಸ್ತುವನ್ನು ಕಸಕ್ಕೆ ಹಾಕಲು ಮನಸ್ಸಾಗದೆ ಅಸಲಿಯನ್ನು ಹಿತ್ತಲ ಹಾಳುಬಾವಿಗೆ ಬಿಟ್ಟೆ. ಮಾಸ್ತರರು ಬಂದಾಗ ಯಂತ್ರ ಎದ್ದು ಕೂತಿತ್ತು.

ಅವತ್ತಿನಿಂದ ಆ ಮನುಷ್ಯ, ನಕಲಿಯನ್ನು ಎಂದೂ ಮುಟ್ಟದವರು, ದಿನಾ ನಕಲಿಯಿಂದಲೇ ಕಲಿಸಿದರು. ನನಗೆ ಒಳಗೊಳಗೇ ನಗುವೂ ಬರುತ್ತಿತ್ತು. ಹೌದು — ನಗು. ಅದನ್ನೂ ಬರೆಯಬೇಕಲ್ಲ.

ಕೆಲವು ತಿಂಗಳ ಮೇಲೆ ಗುಲ್ಬರ್ಗಾದ ಆ ದುಕಾನದಿಂದ ಒಬ್ಬ ಸಾಹೇಬ ಬಂದ. ಮಾಸ್ತರರು ಒಂದು ವಾರದಿಂದ ಅವನ ದಾರಿ ನೋಡುತ್ತಿದ್ದರು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಕಡೆ ಕಂಪ್ಯೂಟರ್ ಕೊಂಡವರಿಗೆ ಕಲಿಸಲು ಆ ದುಕಾನದವರು ಒಬ್ಬ ಕಾಯಂ ಮಾಸ್ತರನನ್ನು ಹುಡುಕುತ್ತಿದ್ದರು. ದಸ್ತಗೀರ ಮಾಸ್ತರರ ಹೆಸರು ಹೆಚ್ಚುಕಡಿಮೆ ಗಟ್ಟಿಯಾಗಿತ್ತು. ಅವರ ಮದುವೆಯ ಮಾತೂ ಅದನ್ನೇ ಕಾದು ನಿಂತಿತ್ತು. ಅವತ್ತು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು.

ಸಾಹೇಬ ಕ್ಲಾಸು ನೋಡಿದ, ಹುಡುಗಿಯರನ್ನು ಮಾತಾಡಿಸಿದ, ಮೆಚ್ಚಿದ. ಆಮೇಲೆ ಚಹಾ ಕುಡಿಯುತ್ತ, "ನಿಮ್ಮ ಕಡೆ ಈ ತಾಲೂಕಗಳಾಗ ಭಾಳ ಕಳ್ಳ ಕಾಪಿ ಓಡಾಡಾಕತ್ತಾವ ಅಂತ ಸುದ್ದಿ ಅದ. ನಿಮ್ಮ ಅಸಲಿ ಒಮ್ಮಿ ತೋರಿಸ್ರಿ ಮಾಸ್ತರ್ರ" ಎಂದ.

ಮಾಸ್ತರರ ಮುಖ ಅರಳಿತು. ಅದನ್ನು ನಾನು ಮರೆತಿಲ್ಲ. ಫ್ಲಾಪಿಯನ್ನು ಎರಡೂ ಕೈಯಿಂದ ತೆಗೆದು ಕೊಟ್ಟರು. "ನೋಡ್ರಿ ಸಾಹೇಬ್ರ. ನಮ್ಮಲ್ಲಿ ಅಸಲಿನೇ. ನಕಲಿಗಿ ನಾ ಕೈ ಹಚ್ಚಂಗಿಲ್ಲ, ಈ ಹುಡುಗ್ಯಾರಿಗೂ ಅದನ್ನೇ ಹೇಳಿಕೊಟ್ಟೇನಿ."

ಸಾಹೇಬ ಕಿಟಕಿಯ ಬೆಳಕಿಗೆ ಹಿಡಿದು, ಬೆರಳಿನಿಂದ ಚಕ್ರವನ್ನು ಮೆಲ್ಲಗೆ ತಿರುಗಿಸಿದ. ಮತ್ತೆ ತಿರುಗಿಸಿದ. ಚೀಟಿಯ ಅಂಚನ್ನು ಉಗುರಿನಿಂದ ಎಬ್ಬಿಸಿ ನೋಡಿದ. ಆಮೇಲೆ ನಕ್ಕ.

"ಮಾತು ಛಲೋ ಕಲ್ತೀರಿ ಮಾಸ್ತರ್ರ. ಕೈಕೆಲಸನೂ ಛಲೋ ಅದ. ತೂತು ಎಲ್ಲಿ?"

ಮಾಸ್ತರರು ಫ್ಲಾಪಿ ಇಸಿದುಕೊಂಡು ತಾವೂ ಬೆಳಕಿಗೆ ಹಿಡಿದರು. ಚಕ್ರವನ್ನು ಪೂರ್ತಿ ಒಂದು ಸುತ್ತು ತಿರುಗಿಸಿದರು. "ಇಲ್ರಿ... ಇದು ಹೆಂಗ... ನಾನೇ ತಂದೇನ್ರಿ ನಿಮ್ಮ ದುಕಾನದಿಂದ..."

"ತಂದದ್ದು ಖರೇನಪಾ. ಅದನ್ನ ಯಾರಿಗಿ ಮಾರಿಕೊಂಡಿ?"

ಒಂದು ಗಳಿಗೆಯ ಹಿಂದೆ 'ಮಾಸ್ತರ್ರ' ಎನ್ನುತ್ತಿದ್ದವನು 'ಅಪಾ' ಎನ್ನತೊಡಗಿದ. ಹುಡುಗಿಯರ ಕೈ ಟೈಪಿಂಗ್ ಯಂತ್ರದ ಮೇಲೆ ಹಾಗೇ ನಿಂತಿತ್ತು. ಮಾಸ್ತರರು ನನ್ನ ಕಡೆ ತಿರುಗಿದರು. ಅನುಮಾನದಿಂದ ಅಲ್ಲ — ಅನುಮಾನ ಪಟ್ಟಿದ್ದರೆ ನನಗೆ ಹಗುರಾಗುತ್ತಿತ್ತು. ಸಾಕ್ಷಿಗಾಗಿ ತಿರುಗಿದರು. ಇವಳು ನನ್ನನ್ನು ಬಲ್ಲವಳು, ಹೇಳುತ್ತಾಳೆ ಎಂದು.

ಸಾಹೇಬನೂ ಕೇಳಿದ. "ಏನ್ರಿ ಅಮ್ಮಾರ, ನಿಮಗೇನರ ಗೊತ್ತದೇನು?"

ನಾನು ಸೆರಗು ತಲೆಯ ಮೇಲೆ ಎಳೆದುಕೊಂಡೆ. "ನಂಗೇನ್ ತಿಳೀತದರಿ, ಓದು ಬಾರದ ಹೆಣ್ಮಗಳು. ಅದೆಲ್ಲಾ ಮಾಸ್ತರ್ರೇ ನೋಡ್ಕೋತಾರ" ಎಂದೆ.

ಆಪರೇಟಿಂಗ್ ಸಿಸ್ಟಮ್ ಎಂದು ಸಂತೆಯಲ್ಲಿ ಮೆರೆದವಳು ಅವತ್ತು ಓದು ಬಾರದ ಹೆಣ್ಮಗಳಾದೆ.

ಕಾರಣ ಹೇಳಬಹುದು. ನಿಜ ಹೇಳಿದ್ದರೆ ಸಾಹೇಬ ಅಲ್ಲಿಂದ ನೇರ ಅಫಜಲಪುರಕ್ಕೆ, ಜೇವರ್ಗಿಗೆ ಹೋಗುತ್ತಿದ್ದ, ಸುವರ್ಣಾಳ ಕೋಣೆಯ ಬಾಗಿಲು ಬೀಳುತ್ತಿತ್ತು — ಇದೆಲ್ಲ ಹೌದು. ಆದರೆ ಆ ಗಳಿಗೆಯಲ್ಲಿ ನನಗೆ ಇದಾವುದೂ ಹೊಳೆದಿರಲಿಲ್ಲ. ಆಮೇಲೆ ಕೂತು ಹುಡುಕಿಕೊಂಡ ಕಾರಣಗಳು ಇವು. ಆ ಗಳಿಗೆಯಲ್ಲಿ ನಾನು ನನ್ನನ್ನು ಕಾಪಾಡಿಕೊಂಡೆ. ಅಷ್ಟೇ.

ಸಾಹೇಬ ಬೇರೆ ಗದ್ದಲ ಮಾಡಲಿಲ್ಲ. ಹೊಸ ಫ್ಲಾಪಿ ಕೊಳ್ಳಬೇಕು, ಈ ಮನುಷ್ಯನನ್ನು ಯಂತ್ರದ ಹತ್ತಿರ ಬಿಡಬಾರದು ಎಂದು ಹೇಳಿ ಹೋದ. ಮಾಸ್ತರರು ಸ್ಟೂಲನ್ನು ಗೋಡೆಗೆ ಸರಿಸಿ ಇಟ್ಟರು. ಹುಡುಗಿಯರಲ್ಲಿ ಎಲ್ಲಕ್ಕಿಂತ ಚುರುಕಾದವಳು ಮಹಾದೇವಿ, ಅವಳು ಮುಖ ಮುಚ್ಚಿಕೊಂಡು ಅಳುತ್ತಿದ್ದಳು. ಮಾಸ್ತರರು ಅವಳ ಕಡೆ ನೋಡಲಿಲ್ಲ. "ಬರ್ತೇನ್ರಿ ಕಾಕೂ" ಎಂದರು, ಹೋದರು. ಮತ್ತೆ ಬರಲಿಲ್ಲ.

ಮೂರು ತಾಲೂಕಿನಲ್ಲಿ ಯಾರೂ ಅವರಿಗೆ ಕಂಪ್ಯೂಟರ್ ಮುಟ್ಟಲು ಕೊಡಲಿಲ್ಲ. ನಿಂತಿದ್ದ ಮದುವೆಯ ಮಾತು ಮುರಿಯಿತು. ಎಷ್ಟೋ ವರ್ಷದ ಮೇಲೆ ಬೇರೆ ಕಡೆ ಆಯಿತು. ಈಗ ಊರ ಹೊರಗಿನ ಬೇಳೆ ಮಿಲ್ಲಿನಲ್ಲಿ ತೊಗರಿ ತೂಗುತ್ತಾರೆ. ಎದುರಿಗೆ ಬಂದರೆ ನಾನು ಓಣಿ ಬದಲಿಸುತ್ತಿದ್ದೆ.

ಮೊನ್ನೆ ಕೂಸುಗಳನ್ನು ತೊಟ್ಟಿಲಿಗೆ ಹಾಕುವ ದಿನ ಅವರು ನಮ್ಮ ಮನೆಗೆ ಬಂದರು. ಸುವರ್ಣಾ ಕರೆದಿದ್ದಳು — ಅವಳಿಗೆ ಏನೂ ಗೊತ್ತಿರಲಿಲ್ಲ, ಅವಳ ಪಾಲಿಗೆ ಅವರು ಅಕ್ಷರ ಕಲಿಸಿದ ಗುರು. ಕೂಸುಗಳ ತಲೆಗೆ ಕಟ್ಟಲು ಎರಡು ಪುಟ್ಟ ಕುಲಾಯಿ ಹೊಲಿಸಿಕೊಂಡು ಬಂದಿದ್ದರು, ಒಂದೇ ಬಣ್ಣದವು. ಮನೆ ತುಂಬ ಜನ. ಕಿವಿಯಲ್ಲಿ ಹೆಸರು ಹೇಳುವ ಸೋದರತ್ತೆಯ ಬೆನ್ನಿಗೆ ಹೆಂಗಸರೆಲ್ಲ ಪದ್ಧತಿಯಂತೆ ಗುದ್ದುತ್ತಿದ್ದರು, ನಗೆ, ಗದ್ದಲ, ಗುಗ್ಗರಿ. ನಮ್ಮ ಪಕ್ಕದ ಮನೆಯ ನಾಗಮ್ಮ ತೊಟ್ಟಿಲಲ್ಲಿ ಬಗ್ಗಿ ನೋಡಿ, "ಏನ್ ನೀಲಮ್ಮಾ, ಥೇಟ್ ಒಂದೇ ಅಚ್ಚು! ಇದರಾಗ ಅಸಲಿ ಯಾವುದು, ನಕಲಿ ಯಾವುದು ಬೇ?" ಎಂದಳು. ಎಲ್ಲರೂ ನಕ್ಕರು.

ಮಾಸ್ತರರು ಬಾಗಿಲ ಹತ್ತಿರ ನಿಂತಿದ್ದರು. ಮೆಲ್ಲಗೆ ಹೇಳಿದರು, "ಎರಡೂ ಅಸಲಿನೇ ಅದಾವ್ರಿ."

ಅದರಲ್ಲಿ ಕೊಂಕು ಇರಲಿಲ್ಲ. ಕೂಸುಗಳಿಗಾಗಿ ಆಡಿದ ಮಾತು. ನಾನು ಅಡುಗೆಮನೆಗೆ ಹೋಗಿ ಗುಗ್ಗರಿಯ ಪಾತ್ರೆಯ ಮುಂದೆ ಕೂತೆ. ಹೊರಗೆ ನನ್ನ ಮೊಮ್ಮಕ್ಕಳ ಹೆಸರು ಕೂಗುತ್ತಿದ್ದರು, ನನಗೆ ಎದ್ದು ಹೋಗಲು ಆಗಲಿಲ್ಲ.

ಎರಡು ದಿನ ಬಿಟ್ಟು ಬೇಳೆ ಮಿಲ್ಲಿಗೆ ಹೋದೆ. ಸುಗ್ಗಿಯ ಕಾಲ, ಗಾಡಿಗಳು ಸಾಲುಗಟ್ಟಿದ್ದವು. ಮಾಸ್ತರರು ನನ್ನನ್ನು ಕಂಡು ಚೀಲದ ಮೇಲೆ ಟವೆಲ್ ಹಾಸಿ ಕೂರಿಸಿದರು. "ಕೂಸುಗಳು ಹೆಂಗದಾವ್ರಿ ಕಾಕೂ?" ಎಂದರು. ನಾನು ಎಲ್ಲ ಹೇಳಿದೆ. ಶುಕ್ರವಾರದ ಕೀಲಿ, ವಿಭೂತಿ, ಚಹಾದ ಹಬೆ, ಬಾವಿ. ಅವರು ಕೇಳುತ್ತ ಕೇಳುತ್ತ ಕೈಯಲ್ಲಿದ್ದ ತೊಗರಿಕಾಳನ್ನು ಒಂದೊಂದಾಗಿ ಕೆಳಗೆ ಬಿಟ್ಟರು.

"ಪೂಜಿ ಮಾಡಿದ್ರಾ ಅದಕ್ಕ?" ಎಂದರು. ಒಂದು ಸಲ ನಕ್ಕರು. ಆಮೇಲೆ ಬಗ್ಗಿ, ಕೆಳಗೆ ಬಿದ್ದ ಕಾಳನ್ನು ಆರಿಸಿ ಚೀಲಕ್ಕೆ ಹಾಕಿದರು.

"ನಂಗ ಮಾಫ್ ಮಾಡಪಾ ತಮ್ಮಾ" ಎಂದೆ.

"ಮಾಫಿ ಆಮ್ಯಾಲ ನೋಡೂಣ್ರಿ." ಅವರ ದನಿ ಗಟ್ಟಿಯಾಗಿತ್ತು, ಅಂಥ ದನಿಯನ್ನು ನಾನು ಮೊದಲು ಕೇಳಿರಲಿಲ್ಲ. "ಅವತ್ತು ಆ ಮಾತು ಹುಡುಗ್ಯಾರ ಮುಂದ ಆಡಿದ್ರಿ. ಇವತ್ತು ನನ್ನ ಒಬ್ಬಾಂವನ ಮುಂದ ಹೇಳಾಕತ್ತೀರಿ."

"ಈಗೇ ಹೇಳ್ತೇನಿ, ಈ ಮಂದಿ ಎಲ್ಲಾರ ಮುಂದ ಕೂಗಿ ಹೇಳ್ತೇನಿ" ಎಂದು ಎದ್ದೆ.

"ಇವ್ರಿಗ್ಯಾಕ ಕಾಕೂ? ಇವ್ರು ನನ್ನ ತಕ್ಕಡಿ ನೋಡ್ಯಾರ, ನಂಬ್ಯಾರ. ನಾ ಕಲಿಸಿದ ಹುಡುಗ್ಯಾರು ನನ್ನ ಕಳ್ಳ ಅಂತ ತಿಳಕೊಂಡು ಗಂಡನ ಮನೀಗಿ ಹೋದ್ರು. ಅವ್ರಿಗಿ ಹೇಳ್ರಿ."

ಅಷ್ಟು ಹೇಳಿ ತಕ್ಕಡಿಗೆ ಹೋದರು. ಗಾಡಿಯವನು ಕೂಗುತ್ತಿದ್ದ.

ಅದಕ್ಕೇ ಇದನ್ನು ಬರೆದು ಅಚ್ಚಿಗೆ ಕೊಡುತ್ತಿದ್ದೇನೆ. ಸುವರ್ಣಾಳಿಗೆ ಹೇಳಿದೆ. ಹಾಲು ಕುಡಿಸುತ್ತಿದ್ದವಳು ಕೂಸನ್ನು ಇನ್ನೊಂದು ಮಗ್ಗುಲಿಗೆ ಹಾಕಿಕೊಂಡಳು. ಆಮೇಲೆ, "ನನ್ನ ಹೆಸರೂ ಬರಿ ಯವ್ವಾ. ಜೇವರ್ಗಿ ಮಂದಿ ಏನರ ಅನ್ನಲಿ" ಎಂದಳು. ಶಿವರಾಯ ಮಾತ್ರ ಅಫಜಲಪುರದಿಂದ ಓಡಿ ಬಂದ. "ಅಕ್ಕಾ, ಹುಚ್ಚು ಹಿಡದದೇನು ನಿನಗ? ಮುಗದದ್ದು ಮುಗೀತು. ಮೊಮ್ಮಕ್ಕಳನ್ನ ಆಡಿಸ್ಕೋತ ಸುಮ್ಮ ಕೂಡು ಬೇ!" ಎಂದು ರೇಗಿದ. ಕಾಪಿ ಮಾಡಿದ್ದಕ್ಕೆ ಹೆದರಿದ್ದಾನೆ. ಹೆದರಬೇಡ ಶಿವರಾಯ, ಆ ಪಾಲನ್ನು ನಾನು ಎದೆ ಸೆಟೆಸಿ ಹೊರುತ್ತೇನೆ. ನನಗೆ ಭಾರವಾದದ್ದು ಅದಲ್ಲ.

ಆದರೆ ಬರೆದರೆ ಸಾಲದು. ಆ ಹುಡುಗಿಯರ ಮನೆಗೆಲ್ಲ ಪೇಪರು, ಪುಸ್ತಕ ಬರುತ್ತವೆಯೇ? ಬಂದರೂ ಓದಲು ಪುರಸೊತ್ತು ಯಾರಿಗಿದೆ? ಮಹಾದೇವಿಯನ್ನು ಇಜೇರಿಗೆ ಕೊಟ್ಟಿದ್ದಾರೆ. ಇನ್ನೊಬ್ಬಳು ಅಫಜಲಪುರದ ಕಡೆ ಇದ್ದಾಳೆ, ಒಬ್ಬಳು ಕಡಗಂಚಿಯಲ್ಲಿ. ಉಳಿದವರು ಎಲ್ಲಿದ್ದಾರೋ ಕೇಳಿಕೊಂಡು ಹೋಗಬೇಕು. ನನ್ನ ಮೊಣಕಾಲಿಗೆ ಬಾವು ಬಂದಿದೆ. ಕೂಸುಗಳನ್ನು ಒಂದು ದಿನವೂ ಬಿಟ್ಟಿರಲು ಮನಸ್ಸಿಲ್ಲ. ಆಗಲಿ, ಅವತ್ತು ಬೇರೆ ಯಾರಾದರೂ ಅವಕ್ಕೆ ನೀರು ಹಾಕಲಿ.

ಸೋಮವಾರ ಇಜೇರಿಗೆ ಹೋಗುತ್ತೇನೆ. ಮಹಾದೇವಿಯ ಅತ್ತೆ, ಗಂಡ, ನೆರೆಯವರು ಇರುವ ಹೊತ್ತು ನೋಡಿಯೇ ಹೋಗುತ್ತೇನೆ. "ನಿಮ್ಮ ಮಾಸ್ತರ್ರು ಕಳ್ಳರಲ್ಲವ್ವಾ" ಎಂದು ಶುರು ಮಾಡಬೇಕು. ಅದರ ಮುಂದಿನ ಮಾತು ನನ್ನ ಬಾಯಿಗೆ ಸುಲಭವಾಗಿ ಬರುತ್ತದೋ ಇಲ್ಲವೋ ಗೊತ್ತಿಲ್ಲ. ಬರದಿದ್ದರೆ, ಬರುವವರೆಗೆ ಅವಳ ಅಂಗಳದಲ್ಲಿ ಕೂತಿರುತ್ತೇನೆ.